ಅಯಸ್ಕಾಂತದ ಕುರ್ಚಿಯಲ್ಲಿ ನಾಲ್ಕು ವಾರ

ಮುಧೋಳದ ಪ್ರಾಥಮಿಕ ಶಾಲೆಯಲ್ಲಿ ಕಲಿಸುತ್ತಿದ್ದ ನಾನು ಒಂದು ಚಳಿಗಾಲ ಹಾಸಿಗೆ ಬಿಟ್ಟು ಏಳದಾದೆ. ಜ್ವರವಿರಲಿಲ್ಲ, ನೋವಿರಲಿಲ್ಲ. ಹೆರಳು ಹಾಕಿಕೊಳ್ಳುವುದೂ ದೊಡ್ಡ ಕೆಲಸವೆನಿಸುತ್ತಿತ್ತು. ಖಿನ್ನತೆ ಎಂದರು ವೈದ್ಯರು. ಎರಡು ಬಗೆಯ ಗುಳಿಗೆ ನುಂಗಿದರೂ ಗುಣ ಕಾಣದಾಗ, ಬೆಳಗಾವಿಯ ಆಸ್ಪತ್ರೆಯೊಂದರಲ್ಲಿ ಅಯಸ್ಕಾಂತದ ಚಿಕಿತ್ಸೆ ಇದೆ, ಹೋಗಿ ನೋಡಿ ಎಂದು ಕಳಿಸಿದರು.

ಗಂಡ ಸಕ್ಕರೆ ಕಾರ್ಖಾನೆಯಲ್ಲಿದ್ದರು. ಕಬ್ಬು ನುರಿಸುವ ಹಂಗಾಮಾದ್ದರಿಂದ ರಜೆ ಸಿಗಲಿಲ್ಲ. ನನ್ನ ಜೊತೆ ಅತ್ತೆ ಹೊರಟರು. ಬೆಳಗಾವಿಯಲ್ಲಿ ಅವರ ತಂಗಿಯ ಮನೆಯಲ್ಲಿ ಉಳಿದೆವು.

"ಕರೆಂಟ್ ಕೊಡತೀರೇನ್ರಿ ಈಕಿಗೆ?" ಎಂದು ಅತ್ತೆ ಅಲ್ಲಿನ ವೈದ್ಯೆಯನ್ನು ಕೇಳಿದರು.

ಇಲ್ಲ, ಎಚ್ಚರವಾಗಿಯೇ ಇರುತ್ತಾರೆ, ನಾಲ್ಕು ವಾರ ದಿನಾ ಕುರ್ಚಿಯಲ್ಲಿ ಕೂಡಿಸಿ ತಲೆಗೆ ಒಂದು ತಂತಿಯ ಸುರುಳಿ ತಾಗಿಸುತ್ತೇವೆ, ಅದರ ಕಾಂತಶಕ್ತಿ ಮಿದುಳಿನ ಮಂಕಾದ ಭಾಗವನ್ನು ತಟ್ಟಿ ಎಬ್ಬಿಸುತ್ತದೆ ಎಂದು ಅವರು ವಿವರಿಸಿದರು. ಆ ಹೊತ್ತಿನಲ್ಲಿ ನಾನು ಕಣ್ಣು ಮುಚ್ಚಿ ಉಸಿರನ್ನು ಗಮನಿಸಬೇಕಿತ್ತು. ಎರಡನ್ನೂ ಕೂಡಿಸಿ ನೋಡುತ್ತಿದ್ದೇವೆ, ಎಲ್ಲರಿಗೂ ಫಲಿಸುತ್ತದೆಂದು ಹೇಳಲಾರೆ ಎಂದೂ ಹೇಳಿದರು.

ಮೊದಲ ದಿನ ಹಣೆಯ ಎಡಗಡೆ ಯಾರೋ ಬೆರಳಿನ ಗೆಣ್ಣಿನಿಂದ ಕುಟ್ಟಿದಂತಾಯಿತು. ಉಸಿರನ್ನು ಗಮನಿಸಲು ಹೋದರೆ ಮನಸ್ಸು ನಾನು ಶಾಲೆಯಲ್ಲಿ ಬಿಟ್ಟುಬಂದ ಮಕ್ಕಳ ಕಡೆ ಓಡಿತು. ಧ್ಯಾನವೂ ನನ್ನಿಂದಾಗದು ಎಂದು ಹೊರಗೆ ಬಂದು ಕಣ್ಣೀರು ಹಾಕಿದೆ.

ಅತ್ತೆ ಮದುವೆಯಾದಂದಿನಿಂದ ದಿನಾ ಲಿಂಗಪೂಜೆಗೆ ಕೂಡುವವರು. "ಅಂಗೈಯಾಗ ಲಿಂಗ ಇಟಗೊಂಡು ಕುಂತರೂ ನನ್ನ ಮನಸ್ಸು ಎಮ್ಮಿ ಕಡೆ, ಒಲಿ ಕಡೆ ಹೋಗತೈತಿ," ಎಂದರು. "ಹೋತು ಅಂತ ಗೊತ್ತಾದ ಕೂಡ್ಲೆ ತಿರುಗಿ ಕರಕೊಂಡು ಬರೂದು. ಅದಕ್ಕ ಬೈಬ್ಯಾಡ."

ಅವರ ಮನಸ್ಸೂ ಅಲೆಯುತ್ತದೆಂದು ನಾನು ಎಂದೂ ಎಣಿಸಿರಲಿಲ್ಲ. ಮರುದಿನದಿಂದ ನನ್ನ ಮನಸ್ಸನ್ನು ಬೈಯುವುದು ಬಿಟ್ಟೆ.

ಮೂರನೆಯ ವಾರ ಊಟಕ್ಕೆ ಕುಳಿತಾಗ, ಪಲ್ಯಕ್ಕೆ ಉಪ್ಪು ಕಡಿಮೆ ಎಂದೆ. ತಿಂಗಳುಗಟ್ಟಲೆ ಏನು ಬಡಿಸಿದರೂ ಸುಮ್ಮನೆ ತಿಂದವಳು ನಾನು. ಅತ್ತೆ ಉಪ್ಪಿನ ಬಟ್ಟಲು ತಂದಿಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡರು.

ಗುಣವಾದದ್ದು ಅಯಸ್ಕಾಂತದಿಂದಲೋ ಉಸಿರಿನಿಂದಲೋ ಎಂದು ಕೊನೆಯ ದಿನ ಕೇಳಿದೆ. ಬಿಡಿಸಿ ಹೇಳಲಾಗದು, ಗುಳಿಗೆ ಮಾತ್ರ ನೀವಾಗಿ ನಿಲ್ಲಿಸಬೇಡಿ ಎಂದರು ವೈದ್ಯೆ. ಜೂನ್‌ನಲ್ಲಿ ಮತ್ತೆ ಶಾಲೆಗೆ ಹೋದೆ. ಬೆಳಿಗ್ಗೆ ಅತ್ತೆ ಪೂಜೆಗೆ ಕೂತಾಗ ನಾನೂ ಪಕ್ಕದಲ್ಲಿ ಕೂಡುತ್ತಿದ್ದೆ.

ಮೂರು ವರ್ಷದ ಮೇಲೆ ಆ ಖಿನ್ನತೆಯ ಭಾರ ಇನ್ನೊಮ್ಮೆ ಎದೆಗೆ ಬಂತು. ಈ ಸಲ ಹಾಸಿಗೆ ಹಿಡಿಯುವವರೆಗೆ ಮುಚ್ಚಿಡಲಿಲ್ಲ. ಅತ್ತೆಗೆ ಅಂದೇ ಹೇಳಿದೆ. ಅವರು ಮರುದಿನದ ಬೆಳಗಾವಿ ಬಸ್ಸಿಗೆಂದು ರೊಟ್ಟಿಯ ಬುತ್ತಿ ಕಟ್ಟಿದರು.