ತಿಪ್ಪೆ ಮೂಲೆಯ ಸದ್ದು

ನಮ್ಮ ಯಜಮಾನರು ವೀರಭದ್ರಯ್ಯನವರು ನಿವೃತ್ತರಾದ ಮೇಲೆ ಎಲ್ಲರಂತೆ ಪಾರ್ಕಿಗೆ ಹೋಗಿ ಮಂಡಿನೋವಿನ ಮಾತಾಡಿಕೊಂಡಿದ್ದರೆ ನನಗೇನೂ ತೊಂದರೆಯಿರಲಿಲ್ಲ. ಅವರು ಒಂದು ಮೆಟಲ್ ಡಿಟೆಕ್ಟರ್ ತರಿಸಿಕೊಂಡರು. ಉದ್ದನೆಯ ಕೋಲು, ಅದರ ತುದಿಗೆ ರೊಟ್ಟಿಯಷ್ಟಗಲದ ತಟ್ಟೆ, ಹಿಡಿಯ ಹತ್ತಿರ ಪುಟ್ಟ ಪರದೆ, ಕಿವಿಗೆ ಹೆಡ್‌ಫೋನು. ತ್ಯಾಗರಾಜನಗರದ ನಮ್ಮ ಮನೆಯ ಹತ್ತಿರದ ಮೈದಾನದಲ್ಲಿ ಮೊದಲ ದಿನ ಅದನ್ನು ನೆಲದ ಮೇಲೆ ಸವರುತ್ತ ಹೊರಟಾಗ, ಬಾಂಬ್ ಇದೆಯಂತೆ ಎಂದು ಯಾರೋ ಸುದ್ದಿ ಹಬ್ಬಿಸಿ ಕಡಲೆಕಾಯಿಯವನು ಗಾಡಿ ತಳ್ಳಿಕೊಂಡು ಓಡಿದ. ಅರವತ್ತಕ್ಕೆ ಅರಳು ಮರಳು ಎಂದು ಬೈದೆ. ಹೆಡ್‌ಫೋನ್ ಹಾಕಿಕೊಂಡಿದ್ದರು, ಕೇಳಿಸಲಿಲ್ಲ.

ಹಾಗೆ ನೋಡಿದರೆ ಕೇಳಿಸಿಕೊಳ್ಳುವುದೇ ಅವರ ಕಸುಬು. ಟೆಲಿಫೋನ್ ಇಲಾಖೆಯಲ್ಲಿ ನೆಲದೊಳಗಿನ ಕೇಬಲ್ ಎಲ್ಲಿ ಕೆಟ್ಟಿದೆಯೆಂದು ರಸ್ತೆಯ ಮೇಲೆ ನಿಂತು ಕಿವಿಯಿಂದಲೇ ಪತ್ತೆ ಮಾಡುತ್ತಿದ್ದವರು. ಅಡುಗೆಮನೆಯಿಂದ ನಾನು ಕೂಗಿದ್ದು ಕೇಳದ ಆ ಕಿವಿಗೆ ಮಣ್ಣಿನೊಳಗಿನದೆಲ್ಲ ಕೇಳುತ್ತಿತ್ತು. ನಿಧಾನವಾಗಿ ಜನ ಕರೆಯತೊಡಗಿದರು. ಬಸವನಗುಡಿಯ ಯಾರದೋ ಕೈತೋಟದಲ್ಲಿ ಬಿದ್ದ ಮೂಗುಬೊಟ್ಟು, ಇನ್ಯಾರದೋ ಕಾಲುಂಗುರ ಹುಡುಕಿಕೊಟ್ಟು, ಕಾಫಿ ಕುಡಿದು, ರಾಜ್ಯ ಗೆದ್ದವರ ಹಾಗೆ ಮನೆಗೆ ಬರುತ್ತಿದ್ದರು.

ಒಮ್ಮೆ ನನ್ನ ಕಿವಿಗೂ ಹೆಡ್‌ಫೋನ್ ಹಾಕಿ ಪಾಠ ಮಾಡಿದರು.

"ನಾಣ್ಯ ಮಾತು ಬದಲಾಯ್ಸಲ್ಲ ಮಹಾನಂದ. ಈ ಕಡೆಯಿಂದ ಸವರಿದ್ರೂ ಟಣ್, ಆ ಕಡೆಯಿಂದ ಸವರಿದ್ರೂ ಟಣ್. ಅಡ್ಡ ನಿಂತು ಸವರು, ಆಗ್ಲೂ ಅದೇ. ಕಸ ಹಂಗಲ್ಲ."

ಸೋಡಾ ಬಾಟಲಿಯ ಮುಚ್ಚಳ ಒಂದು ಕಡೆಯಿಂದ ಥೇಟ್ ನಾಣ್ಯದಂತೆ ಕೂಗಿ, ತಿರುಗಿ ಬಂದರೆ ಅಂಚಿನಲ್ಲಿ ದನಿ ಒಡೆಯುತ್ತದೆ. ಮಾತ್ರೆಯ ಹಾಳೆ ತೆಳ್ಳಗೆ ಚುರ್ ಎನ್ನುತ್ತದೆ. ಮೊಳೆ ಗುರ್ ಎನ್ನುತ್ತದೆ, ಆದರೆ ಅದರ ತುದಿ ಒಮ್ಮೊಮ್ಮೆ ನಾಣ್ಯದ ವೇಷ ಹಾಕುತ್ತದೆ. ನಾಣ್ಯವಾದರೆ ಪರದೆಯ ಮೇಲಿನ ಅಂಕಿ ನಿಂತಲ್ಲೇ ನಿಲ್ಲುತ್ತದೆ, ಕಸವಾದರೆ ಕುಣಿಯುತ್ತದೆ. ಕಬ್ಬಿಣದ ಗಲಾಟೆಯೇ ಬೇಡವೆಂದರೆ ಅದರ ಬಾಯಿ ಮುಚ್ಚಿಸುವ ಒಂದು ಗುಂಡಿಯೂ ಇದೆ. ಇವರು ಅದನ್ನು ಒತ್ತಿಕೊಂಡೇ ಓಡಾಡುತ್ತಿದ್ದರು. ಇನ್ನೊಂದು ಮಾತು, ತಟ್ಟೆಯನ್ನು ಆಡಿಸುತ್ತಿದ್ದರೆ ಮಾತ್ರ ಯಂತ್ರ ಕೂಗುತ್ತದೆ. ಕೈ ನಿಲ್ಲಿಸಿದರೆ, ಕೆಳಗೆ ಬಂಗಾರವೇ ಇದ್ದರೂ ತುಟಿ ಪಿಟಕ್ಕೆನ್ನುವುದಿಲ್ಲ.

ಹೋದ ವರ್ಷ ಚಾಮರಾಜಪೇಟೆಯ ಹಳೇ ಮನೆ ಮಾರಾಟವಾಯಿತು. ಬಹಳ ಕಾಲ ಬಾಡಿಗೆಗೆ ಕೊಟ್ಟಿದ್ದ ಮನೆ. ದಾಯಾದಿಗಳೆಲ್ಲ ಸಹಿ ಹಾಕಿದರು, ನಾವೂ ಹಾಕಿದೆವು. ಅದನ್ನು ಕೆಡವಲು ಶುರು ಮಾಡಿದ ಸುದ್ದಿ ಬಂದ ದಿನ ನಮ್ಮ ಅತ್ತೆ ರುದ್ರಾಣಮ್ಮ ಅರ್ಧ ಊಟಕ್ಕೇ ಕೈ ತೊಳೆದು ಮಗನನ್ನು ಕರೆದರು.

"ಕಾರ್ ನಿಲ್ಸಕ್ಕೆ ಹಿತ್ತಲೆಲ್ಲ ತೋಡ್ತಾರಂತೆ. ಜೆಸಿಬಿ ಇಳಿಯೋದ್ರೊಳಗೆ ನಿಮ್ಮಕ್ಕನ್ನ ಹುಡುಕಿಕೊಡಪ್ಪ."

ಇವರಿಗೊಬ್ಬ ಅಕ್ಕ ಇದ್ದಳೆಂಬುದೇ ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಸಂಸಾರ ಮಾಡಿದ ಮನೆಯಲ್ಲಿ ಒಂದು ಮಾತಿಲ್ಲ. ಸಿಟ್ಟೇ ಬಂತು. ಆದರೆ ಅತ್ತೆಯ ಮುಖ ನೋಡಿ ನುಂಗಿಕೊಂಡೆ. ಚೊಚ್ಚಲ ಹೆಣ್ಣುಮಗು, ಹೆಸರಿಡುವ ಮೊದಲೇ ಜ್ವರ ಬಂದು ತೀರಿಕೊಂಡಿತಂತೆ. ಬಾಣಂತಿ ನೋಡಬಾರದೆಂದು ಅತ್ತೆಯ ಕೋಣೆಗೆ ಹೊರಗಿನಿಂದ ಚಿಲಕ ಹಾಕಿ, ಅತ್ತೆಯ ಮಾವನವರು ಮಗುವನ್ನು ಹಿತ್ತಲಿಗೆ ಎತ್ತಿಕೊಂಡು ಹೋದರು. ಎಲ್ಲಿಟ್ಟಿರಿ ಎಂದು ಆಮೇಲೆ ಕೇಳಿದರೆ, ಅದನ್ನೆಲ್ಲ ಕೇಳಬಾರದು ಎಂದರು. ಗಂಡನನ್ನು ಕೇಳಿದರೆ ತಲೆ ತಗ್ಗಿಸಿದರು. ಇಬ್ಬರೂ ಹೇಳದೆಯೇ ಹೋಗಿಬಿಟ್ಟರು. ಈಗ ಅತ್ತೆಗೆ ಇದ್ದದ್ದು ಒಂದೇ ಆಸೆ. ಮಗುವನ್ನು ರುದ್ರಭೂಮಿಗೆ ಒಯ್ದು ಅದರ ಅಪ್ಪನ ಪಕ್ಕದಲ್ಲಿಡಬೇಕು. ಅದರ ಮೇಲೆ ಕಾರು ನಿಲ್ಲಬಾರದು.

"ಸೊಂಟಕ್ಕೆ ಬೆಳ್ಳಿ ಉಡಿದಾರ ಕಟ್ಟಿದ್ದೆ. ಅದ್ರಲ್ಲೊಂದು ಬೆಳ್ಳಿ ಅರಳಿ ಎಲೆ. ಸತ್ತ ಮಗೂದು ಅಂತ ಯಾರೂ ಬಿಚ್ಚಿರಲ್ಲ" ಎಂದರು.

"ಉಡಿದಾರ ಕಷ್ಟ ಅಮ್ಮ. ಕೊಂಡಿಗಳು ಬಿಡಿಬಿಡಿಯಾಗಿ ಕೂಗಿ ಕಸದ ಹಂಗೇ ಕೇಳ್ಸುತ್ತೆ. ಎಲೆ ಇದ್ರೆ ಅದು ನಾಣ್ಯದ ಹಂಗೆ ಹೇಳುತ್ತೆ" ಎಂದರು ಇವರು.

ನಾವು ಹೋದಾಗ ಮಧ್ಯಾಹ್ನ. ಜೆಸಿಬಿ ಆಗಲೇ ಬಂದು ಬೀದಿಯಲ್ಲಿ ನಿಂತಿತ್ತು, ಮರುದಿನ ಬೆಳಿಗ್ಗೆ ಕೆಲಸ ಶುರು. ಮನೆಯ ಬಾಗಿಲು, ಕಿಟಕಿ, ತೊಲೆಗಳನ್ನು ಕಿತ್ತು ಮಾರಿಯಾಗಿತ್ತು. ಬಾಗಿಲಿಲ್ಲದ ಕೋಣೆಗಳನ್ನು ಒಂದರ ಹಿಂದೊಂದು ದಾಟುವಾಗ ನಮ್ಮ ಹಿಂದೆ ಇನ್ನೊಬ್ಬರು ಬರುತ್ತಿದ್ದಾರೆ ಅನ್ನಿಸಿ ನಾನು ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಬಾಣಂತಿ ಕೋಣೆಯ ಮುಂದೆ ಅತ್ತೆ ನಿಲ್ಲಲಿಲ್ಲ, ಆ ಕಡೆ ತಿರುಗಲೂ ಇಲ್ಲ.

ಹಿತ್ತಲಲ್ಲಿ ಬಾವಿಕಟ್ಟೆಯ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿ ಅತ್ತೆಯನ್ನು ಕೂರಿಸಿದೆ. ಇವರು ಸಾಲು ಹಿಡಿದು ಸವರುತ್ತ ಬಂದರು. ನಮಗೂ ಕೇಳಲೆಂದು ಹೆಡ್‌ಫೋನ್ ತೆಗೆದಿಟ್ಟಿದ್ದರು. ಎಷ್ಟು ತಲೆಮಾರಿನ ಕಸವೋ, ಒಂದೊಂದಾಗಿ ಮಾತಾಡಿತು. ಒಡೆದ ದನಿಯಾದರೆ ಇವರು ಮುಂದೆ ಹೋಗುವರು. ಟಣ್ ಎಂದರೆ ಇವರು ಮಂಡಿಯೂರಿ ಅಗೆಯುವರು, ಅದನ್ನು ಕಂಡು ಅತ್ತೆ ಕುರ್ಚಿಯಿಂದ ಏಳುವರು. ತೂತಿನ ಕಾಸು ಸಿಕ್ಕಿತು. ಅರ್ಧಾಣೆ ಸಿಕ್ಕಿತು. ಅತ್ತೆ ಮತ್ತೆ ಕೂರುವರು. ದುಡ್ಡು ಸಿಕ್ಕಿದ್ದಕ್ಕೆ ನನಗೆ ಹೊಟ್ಟೆ ಉರಿದದ್ದು ಜನ್ಮದಲ್ಲಿ ಅದೇ ಮೊದಲು.

ಹಿಂದಿನ ಗೋಡೆಯ ಮೂಲೆಗೆ ಬಂದಾಗ ಯಂತ್ರ ತಡವರಿಸಿತು. ದನಿ ತುಂಡುತುಂಡಾಗಿ ನಿಂತುನಿಂತು ಹೋಗುತ್ತಿತ್ತು.

"ಇಲ್ಲಿ ಬರೀ ಕಬ್ಬಿಣ. ಮೊಳೆ ರಾಶಿ" ಎಂದು ಇವರು ಬಿಟ್ಟು ನಡೆದರು.

ಹೊತ್ತು ಇಳಿಯಿತು. ಉಳಿದ ಹಿತ್ತಲೆಲ್ಲ ಮುಗಿಯಿತು. ಇವರು ಸೋತು ಅದೇ ಮೂಲೆಯ ಗೋಡೆಗೆ ಯಂತ್ರವನ್ನು ಒರಗಿಸಿ, ತಟ್ಟೆಯನ್ನು ನೆಲದ ಮೇಲಿಟ್ಟು, ನನ್ನ ಹತ್ತಿರ ಬಂದು ನೀರು ಕೇಳಿದರು. ಬಾಟಲಿ ಕೊಡುತ್ತಿದ್ದೆ. ಮೂಲೆಯಲ್ಲಿ ಟಣ್ ಎಂದಿತು.

ಇಬ್ಬರೂ ಅಲ್ಲಾಡಲಿಲ್ಲ. ಯಂತ್ರದ ಹತ್ತಿರ ಯಾರೂ ಇಲ್ಲ. ಮತ್ತೆ ಟಣ್ ಎಂದಿತು, ಸ್ಪಷ್ಟವಾಗಿ, ದುಂಡಗೆ.

"ರೀ, ಏನದು?"

"ಕರೆಂಟ್ ವೈರ್ ಇರ್ಬೇಕು. ಅದು ಹತ್ರ ಇದ್ರೆ ಹಿಂಗೆ ಮಾಡುತ್ತೆ."

"ಕರೆಂಟ್ ಕಿತ್ತುಹಾಕಿ ತಿಂಗಳಾಯ್ತಲ್ರೀ."

ನನಗೆ ಭಯವಾಯಿತು, ಅದನ್ನು ಮುಚ್ಚಿಡುವುದೇನು. ಕಿವಿ ಹತ್ತಿರ ಹೋಗಿ ಕೂಗಿದರಷ್ಟೇ ಕೇಳಿಸಿಕೊಳ್ಳುವ ಅತ್ತೆ ಕೂತಲ್ಲೇ ಆ ಮೂಲೆಯ ಕಡೆ ಕತ್ತು ತಿರುಗಿಸಿದ್ದರು.

ಇವರು ಹೋಗಿ ಕೈಗುದ್ದಲಿಯಿಂದ ಮೇಲಿನ ಮಣ್ಣು ಎಳೆದರು. ಹಿಡಿ ತುಂಬ ಮೊಳೆ ತಂದು ಅತ್ತೆಗೆ ತೋರಿಸಿದರು. ತುಕ್ಕು ಹಿಡಿದು ಒಂದಕ್ಕೊಂದು ಅಂಟಿದ್ದವು. ಆದರೆ ಒಂದೂ ಸೊಟ್ಟಗಿರಲಿಲ್ಲ. ಸುತ್ತಿಗೆ ಏಟು ಕಾಣದ ಮೊಳೆಗಳು.

ಅತ್ತೆ ಅವನ್ನು ತಿರುಗಿಸಿ ತಿರುಗಿಸಿ ನೋಡಿದರು. ಅವರ ಮಾವನವರದು ಪೇಟೆಯಲ್ಲಿ ಕಬ್ಬಿಣದ ಅಂಗಡಿ.

"ಬೀದೀಲಿ ಬಿದ್ದ ಸೊಟ್ಟ ಮೊಳೇನೂ ಎತ್ಕೊಂಡ್ ಬಂದು ನೆಟ್ಟಗೆ ಮಾಡ್ತಿದ್ದೋರು ಅವ್ರು. ಹೊಸ ಮೊಳೆ ಮಣ್ಣಿಗೆ ಹಾಕ್ತಾರಾ?" ಎಂದರು. ಆಮೇಲೆ ತಮ್ಮಷ್ಟಕ್ಕೇ ಹೇಳಿಕೊಂಡರು. "ಚೊಚ್ಚಲ ಮಗು ಅಂದ್ರೆ ಮಾಟ ಮಾಡೋರು ಬಂದು ಅಗೆದುಕೊಂಡ್ ಹೋಗ್ತಾರೆ ಅಂತ ಹೆದರ್ತಿದ್ರು. ಕಬ್ಬಿಣ ಹಾಕಿದ್ರೆ ಕೈ ಇಡಲ್ಲ ಅಂತ."

ಇವರು ಎದ್ದು ಹೋದರು. ಕಬ್ಬಿಣದ ಜೊತೆ ಅದರ ಪಕ್ಕದಲ್ಲಿರುವುದರ ಬಾಯನ್ನೂ ಮುಚ್ಚಿಸಿದ್ದ ಗುಂಡಿಯನ್ನು ಬಿಟ್ಟರು. ಮೂಲೆಯೆಲ್ಲ ಗುರ್ ಎಂದು ಎದ್ದಿತು. ದೊಡ್ಡ ತಟ್ಟೆ ತೆಗೆದು ಅಂಗೈಯಗಲದ್ದು ಸಿಕ್ಕಿಸಿ, ಮೊಳೆ ಮೊಳೆಗಳ ಸಂದಿನಲ್ಲಿ ಇಂಚಿಂಚಾಗಿ ಸರಿಸಿದರು. ಅಷ್ಟು ಗದ್ದಲದ ನಡುವೆ ಒಂದು ಕಡೆ ಸಣ್ಣ ಟಣ್. ತಿರುಗಿ ಬಂದರು, ಟಣ್. ಅಡ್ಡ ನಿಂತು ಸವರಿದರು, ಟಣ್. ಪರದೆಯ ಅಂಕಿ ಕದಲಲಿಲ್ಲ. ಗುದ್ದಲಿ ಎಸೆದು ಬೆರಳಿನಿಂದಲೇ ಮಣ್ಣು ತೆಗೆದರು.

ಬೆಳ್ಳಿ ಎಲೆ ಕಪ್ಪಾಗಿತ್ತು. ಅದರ ಸುತ್ತ ಉಡಿದಾರದ ಕೊಂಡಿಗಳು ಅಲ್ಲಲ್ಲಿ ತುಂಡಾಗಿ, ಪುಟ್ಟ ಸೊಂಟದಷ್ಟೇ ಸುತ್ತಳತೆಯಲ್ಲಿ ಮಲಗಿದ್ದವು. ಮೂಳೆಯಿರಲಿಲ್ಲ. ಆ ಸುತ್ತಿನೊಳಗಿನ ಮಣ್ಣು ಮಾತ್ರ ಹೊರಗಿನದಕ್ಕಿಂತ ಕಪ್ಪು.

ಅತ್ತೆಯನ್ನು ತೋಳು ಹಿಡಿದು ಕರೆತಂದೆ. ಇಷ್ಟು ಹೊತ್ತೂ ಬಾವಿಯ ಹತ್ತಿರವೇ ಇದ್ದವರು ಈಗ ಮೂಲೆಗೆ ಬಂದು, ಗೋಡೆಯಲ್ಲಿ ಹಸು ಕಟ್ಟುತ್ತಿದ್ದ ಬಳೆಯನ್ನು ಮುಟ್ಟಿ ನೋಡಿ, ನಿಂತಲ್ಲೇ ಕುಸಿದು ಕೂತರು.

"ಇದು ತಿಪ್ಪೆ ಮೂಲೆ" ಎಂದರು.

ಮೊದಲ ಮಗು ಹೋದರೆ ಆಮೇಲೆ ಹುಟ್ಟಿದ ಮಗುವನ್ನು ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಳ್ಳುವ ಶಾಸ್ತ್ರ ನಮ್ಮಲ್ಲಿ ಬಹಳ ಮನೆಗಳಲ್ಲಿತ್ತು. ಇದು ಯಾರೋ ಬಿಸಾಕಿದ ಕಸ, ನಮಗೆ ಬೇಡ ಎಂದುಕೊಂಡು ಸಾವು ಮುಂದೆ ಹೋಗಲಿ ಎಂದು. ಇವರಿಗೂ ಹಾಗೇ ಮಾಡಿದ್ದರು. ಅತ್ತೆ ಇವರನ್ನು ಮುದ್ದಿಗೆ ತಿಪ್ಪ ಎನ್ನುವುದು ಅದಕ್ಕೇ, ಅದನ್ನು ಹಿಡಿದುಕೊಂಡು ನಾನು ಎಷ್ಟೋ ಸಲ ರೇಗಿಸಿದ್ದೇನೆ. ಆವತ್ತು ರೇಗಿಸುವ ಬಾಯಿ ನನಗಿರಲಿಲ್ಲ.

"ಇಲ್ಲೇ ಮಲಗ್ಸು ಅಂತ ಮಾವನೋರೇ ಬೆರಳು ತೋರ್ಸಿದ್ರು" ಎಂದರು ಅತ್ತೆ. "ಅವಳ ಮೇಲೇ ನಿನ್ನ ಮಲಗಿಸ್ದೆ ತಿಪ್ಪ. ನೀನು ಅಳಕ್ಕೆ ಶುರು ಮಾಡ್ದೆ. ನಿನ್ನ ಎತ್ಕೊಂಡು ಹೊರಟೆ. ಹಿಂದೆ ಟಣ್ ಅಂತು. ಹಸೂನ ಗಂಟೆ ಅನ್ಕೊಂಡು ತಿರುಗೂ ನೋಡ್ಲಿಲ್ಲ. ನಿನ್ನೊಬ್ಬನ್ನೇ ಕರ್ಕೊಂಡು ಒಳಗ್ ಹೋಗ್ಬಿಟ್ಟೆ."

ಅತ್ತೆ ಸೆರಗು ಹಾಸಿದರು. ಇವರು ಎರಡೂ ಕೈಯಲ್ಲಿ ಆ ಕಪ್ಪು ಮಣ್ಣನ್ನು ಎತ್ತಿ ಎತ್ತಿ, ಒಂದು ಮೊಳೆಯೂ ಸೇರದ ಹಾಗೆ ಆರಿಸಿ, ಅಕ್ಕನನ್ನು ಅಮ್ಮನ ಮಡಿಲಿಗೆ ಹಾಕಿದರು.