ನಾನು ಫ್ರಾನ್ಸಿನ ರಾಜನಾದ ಸಂಜೆ

ನಿಮ್ಮಜ್ಜ ತೀರಿಕೊಂಡ ಮೇಲೆ ನಾನು ಈ ಪರದೇಶದ ವಾನ್ ಊರಿಗೆ, ನಿಮ್ಮ ಮನೆಗೆ ಬಂದ ಮೊದಲ ಚಳಿಗಾಲ. ಹೈಸ್ಕೂಲಿನಿಂದ ಬಂದ ನಿಮ್ಮಕ್ಕ ಕೋಟನ್ನೂ ಬಿಚ್ಚದೆ ಬೇಸ್‌ಮೆಂಟಿಗೆ ಇಳಿದು ಕೂತುಬಿಟ್ಟಳು. ಇನ್ನೂರೈವತ್ತು ವರ್ಷಗಳ ಹಿಂದಿನ ಫ್ರಾನ್ಸಿನ ಹಣಕಾಸು ಮಂತ್ರಿಯೊಬ್ಬನ ಪಾತ್ರ ಅವಳಿಗೆ ಬಂದಿತ್ತು. ಮರುದಿನ ಕ್ಲಾಸಿನ ಎದುರು ನಿಂತು, ರಾಜನಾಗಿ ಕೂತ ಟೀಚರ ಮುಂದೆ ತಾನು ಮಾಡಿದ್ದೆಲ್ಲ ಸರಿ ಎಂದು ವಾದಿಸಬೇಕು. ನಾಲ್ಕು ಜನರೆದುರು ಮಾತಾಡಲು ಅವಳಿಗೆ ಅಂಜಿಕೆ. ಅದು ನನ್ನಿಂದಲೇ ಬಂದದ್ದು. ನಾಳೆ ಜ್ವರ ಎಂದು ಮನೆಯಲ್ಲೇ ಉಳಿಯುತ್ತೇನೆ ಎಂದಳು.

ಹಳ್ಳಿಯ ಶಾಲೆಯಲ್ಲಿ ಏಳನೆಯ ಇಯತ್ತೆ ಓದಿದವಳು ನಾನು, ಏನು ಕಲಿಸಲಿ? ನಾನೇ ರಾಜನಾಗುತ್ತೇನೆ, ನನಗೆ ಹೇಳು ಎಂದು ಕರೆತಂದು ಅಡುಗೆಮನೆಯ ಸ್ಟೂಲಿನ ಮೇಲೆ ಕೂತೆ. ಅಷ್ಟರಲ್ಲಿ ಕುಕ್ಕರ್ ಕೂಗಿತು. ಎದ್ದೆ.

"ಆಯಿ, ಕಿಂಗ್ ಹಂಗ ಏಳಂಗಿಲ್ಲ."

"ಬ್ಯಾಳಿ ಹೊತ್ತಿದ್ರ ಕಿಂಗ್ ಏನ ಉಣಬೇಕು?"

ಅರ್ಧ ಇಂಗ್ಲಿಷಿನಲ್ಲಿ ಅವಳು ಹೇಳಿದ್ದು ಇಷ್ಟು. ಆತ ದೊಡ್ಡ ವಿಚಾರವಂತ, ಆದರೆ ಬರೆದು ಸುಮ್ಮನಿದ್ದವನಲ್ಲ. ಬಡ ಸೀಮೆಯೊಂದರಲ್ಲಿ ಬಹಳ ವರ್ಷ ಅಧಿಕಾರಿಯಾಗಿದ್ದ. ಮಂತ್ರಿಯಾದ ಮೇಲೆ ಧಾನ್ಯದ ವ್ಯಾಪಾರದ ಕಟ್ಟುಪಾಡುಗಳನ್ನು ತೆಗೆದ. ಬೆಳೆ ಕೈಕೊಟ್ಟಿತ್ತು, ತಿನ್ನುವ ಬ್ರೆಡ್ಡು ತುಟ್ಟಿಯಾಗಿ ಜನ ದಂಗೆ ಎದ್ದರು. ಕೂಲಿ ಕೊಡದೆ ರೈತರಿಂದ ರಸ್ತೆ ಮಾಡಿಸುವುದನ್ನು ನಿಲ್ಲಿಸಿ, ಆ ಖರ್ಚನ್ನು ಜಮೀನಿದ್ದವರ ಮೇಲೆ ಹಾಕಿದ. ದೊಡ್ಡ ಮನೆತನದವರು ಸಿಟ್ಟಾದರು.

ನೆಲ ನೋಡುತ್ತ ಪಾಠ ಒಪ್ಪಿಸಿದಂತೆ ಒಪ್ಪಿಸಿದಳು. ಆ ರಸ್ತೆ ಕೆಲಸ ನಮ್ಮೂರಿನ ಬಿಟ್ಟಿಯೇ ಅಲ್ಲವೇ ಎಂದೆ. ಬಿಟ್ಟಿ ಎಂದರೇನು ಎಂದು ಕೇಳಿದಳು. ನಮ್ಮಪ್ಪನ ಪ್ರಾಯದಲ್ಲಿ ಸಾಹೇಬರ ಸವಾರಿ ಬರುತ್ತದೆಂದರೆ, ಅವನಂಥ ರೈತರು ಬಿತ್ತುವುದನ್ನು ಬಿಟ್ಟು ತಮ್ಮದೇ ಗಾಡಿ ಹೂಡಿ ರಸ್ತೆಗೆ ಮಣ್ಣು ಹೇರಬೇಕಿತ್ತು. ಬಿಡಿಗಾಸೂ ಇಲ್ಲ. ತಿರುಗಿ ಬರುವಷ್ಟರಲ್ಲಿ ಹೊಲದ ಹಸಿ ಆರಿರುತ್ತಿತ್ತು. ಕೇಳುತ್ತ ಕೇಳುತ್ತ ನಿಮ್ಮಕ್ಕ ಕೋಟು ಬಿಚ್ಚಿ ಕುರ್ಚಿಗೆ ಹಾಕಿದಳು.

ಮತ್ತೆ ಮೊದಲಿನಿಂದ ಹೇಳಿದಳು, ನನ್ನ ಮುಖ ನೋಡಿ. ಕಡೆಗೆ ರಾಜ ಮಂತ್ರಿಯನ್ನು ತೆಗೆದುಹಾಕಬೇಕು.

"ಆಯಿ, ಯು ಆರ್ ಡಿಸ್‌ಮಿಸ್ಡ್ ಅನ್ನು."

"ಹೆಂಗ ಅನ್ಲಿ ತಂಗಿ? ಬಿಟ್ಟಿ ಬಿಡಿಸ್ಯಾನ. ನಾಳೆ ನಿಮ್ಮ ಟೀಚರ್ ತಗೀಲಿ."

ಮರುದಿನ ಜ್ವರದ ಮಾತೆತ್ತದೆ ಬಸ್ಸು ಹತ್ತಿದಳು. ಸಂಜೆ ಬಾಗಿಲಲ್ಲೇ ಬೂಟು ಕಳಚುತ್ತ, ಟೀಚರ್ ನನ್ನ ತೆಗೆದ್ರು ಎಂದು ನಕ್ಕಳು. ನಮ್ಮಪ್ಪನನ್ನೂ ಅವನ ಗಾಡಿಯನ್ನೂ ಕ್ಲಾಸಿನ ಮುಂದೆ ತಂದಿದ್ದಳಂತೆ. ನನಗೆ ನಾಚಿಕೆಯಾಯಿತು. ಮುತ್ತಜ್ಜನ ಹೆಸರೇನು ಎಂದು ಯಾರೋ ಕೇಳಿದರಂತೆ, ಅವಳಿಗೆ ಗೊತ್ತಿರಲಿಲ್ಲ.

ಚಹಾ ಕೊಟ್ಟು, ಹೆಸರು ಹೇಳಿದೆ.