ಅತ್ತೆಯ ಮಾತು ತುಂಡಾದ ತಿರುವು

ಬೆಳಗಿನ ಐದೂ ಮುಕ್ಕಾಲು. ಆಸ್ಪತ್ರೆಯ ಹೊಸ ಕಟ್ಟಡದ ಎರಡನೇ ಮಹಡಿಯಲ್ಲಿ ಬಣ್ಣದ ವಾಸನೆ ಇನ್ನೂ ಹೋಗಿಲ್ಲ, ಮಂಚಗಳ ಪ್ಲಾಸ್ಟಿಕ್ ಹೊದಿಕೆಯನ್ನೂ ತೆಗೆದಿಲ್ಲ. ಉದ್ದನೆಯ ಕಾರಿಡಾರಿನಲ್ಲಿ ನಲವತ್ತೆಂಟರ ಹೆಂಗಸೊಬ್ಬರು ಕಿವಿಗೆ ಫೋನ್ ಒತ್ತಿಕೊಂಡು, ಚಾವಣಿ ನೋಡುತ್ತಾ, ಒಂದೇ ಹದದಲ್ಲಿ ನಡೆಯುತ್ತಿದ್ದಾರೆ. ಆ ಕಡೆಯಿಂದ ಮಾತು ಧಾರೆಯಾಗಿ ಹರಿಯುತ್ತಿದೆ. ಈ ಕಡೆಯಿಂದ ಒಂದು "ಹೂಂ" ಕೂಡ ಇಲ್ಲ.

ಆ ಕಡೆ ಇರುವುದು ಅವರ ಅತ್ತೆ. ಆದರೆ ಇದು ಮನೆವಾರ್ತೆಯಲ್ಲ, ಕಂಪನಿ ಕೆಲಸ.

ಚಾವಣಿಯಲ್ಲಿ ತಟ್ಟೆಯಗಲದ ಬಿಳಿ ಆಕ್ಸೆಸ್ ಪಾಯಿಂಟ್‌ಗಳು ಬೋರಲು ಕೂತಿವೆ. ವೈಫೈ ಹಂಚುವುದು ಇವು. ಇವುಗಳನ್ನು ಆಳುವ ಕಂಟ್ರೋಲರ್ ನೆಲಮಾಳಿಗೆಯ ರೂಟರ್‌ನೊಳಗಿದೆ. ಮಾತಾಡುತ್ತಾ ನಡೆಯುವವರನ್ನು ಒಂದು ತಟ್ಟೆ ಮುಂದಿನ ತಟ್ಟೆಗೆ ದಾಟಿಸಬೇಕು, ಕೂಸನ್ನು ಕೈಯಿಂದ ಕೈಗೆ ಕೊಟ್ಟಂತೆ. ಕಂಟ್ರೋಲರ್‌ಗೂ ತಟ್ಟೆಗೂ ಹೊಂದದಿದ್ದರೆ ಕೂಸು ನೆಲಕ್ಕೆ. ತಮಾಷೆಯೆಂದರೆ ಆಗಲೂ ಎರಡರ ದೀಪವೂ ಹಸಿರಾಗಿಯೇ ಉರಿಯುತ್ತದೆ, ಮನೆಯಲ್ಲಿ ಮಾತು ಬಿಟ್ಟ ಗಂಡ ಹೆಂಡತಿ ಫೋಟೋದಲ್ಲಿ ನಕ್ಕ ಹಾಗೆ.

ಆ ನಗುವನ್ನು ನಂಬದಿರುವುದೇ ಇವರ ವೃತ್ತಿ. ಯಾವ ತಟ್ಟೆ ಯಾವ ಕಂಟ್ರೋಲರ್‌ಗೆ ಸರಿಹೋಗುತ್ತದೆಂದು ತಾಳೆ ನೋಡುವುದರಿಂದ ಏಣಿ ಹತ್ತುವ ಕೆಲಸಗಾರರು ಇವರಿಗೆ 'ತಾಳೆ ಮೇಡಂ' ಎಂದು ಹೆಸರಿಟ್ಟಿದ್ದಾರೆ. ತಾಳೆಗೂ ತಾಳ್ಮೆಗೂ ಇರುವುದು ಒಂದು ಒತ್ತಕ್ಷರದ ಅಂತರ. ಇವರ ಮಟ್ಟಿಗೆ ಅದೂ ಇಲ್ಲ.

"ಈ ಪರೀಕ್ಷೆಗೆ ನಿಲ್ಲಿಸದೆ ಮಾತಾಡೋರು ಬೇಕು" ಎನ್ನುತ್ತಾರೆ. "ಮೊದ್ಲು ನಮ್ಮ ಯಜಮಾನ್ರಿಗೆ ಫೋನ್ ಮಾಡ್ತಿದ್ದೆ. ಅವ್ರು ಎರಡು ಮಾತಾಡಿ ಸುಮ್ನಾಗೋರು. ಲೈನ್ ಹೋಯ್ತಾ, ಮಾತೇ ಮುಗೀತಾ ಗೊತ್ತಾಗ್ತಿರ್ಲಿಲ್ಲ. ಅತ್ತೇದು ಹಂಗಲ್ಲ. ಅವ್ರ ಮಾತು ನಿಂತ್ರೆ ತಪ್ಪು ನೆಟ್‌ವರ್ಕ್‌ದೇ."

ಇವತ್ತು ಹನ್ನೊಂದಕ್ಕೆ ಹಳೆಯ ವಾರ್ಡಿನ ಮೂವತ್ತೊಂದು ರೋಗಿಗಳು ಇಲ್ಲಿಗೆ ಬರಬೇಕು. ನರ್ಸ್‌ಗಳ ಫೋನುಗಳೆಲ್ಲ ಈ ವೈಫೈ ಮೇಲೆಯೇ ನಡೆಯುತ್ತವೆ. ಮೂರು ಮಹಡಿ, ನಲವತ್ತೆರಡು ತಟ್ಟೆ. "ಹೊಂದುತ್ತದೆ" ಎಂದು ಬರೆದು ತಾಳೆ ಮೇಡಂ ಸಹಿ ಹಾಕಿದ ಮೇಲೆಯೇ ಮಂಚಗಳ ಚಕ್ರ ಉರುಳುವುದು.

ಔಷಧಿ ಕೋಣೆಯ ಪಕ್ಕದ ತಿರುವಿನಲ್ಲಿ ಅತ್ತೆ ಮಾಯವಾಗುತ್ತಾರೆ. ಒಂದು, ಎರಡು, ಮೂರು, ನಾಲ್ಕು ಸೆಕೆಂಡು. ಮತ್ತೆ ಪ್ರತ್ಯಕ್ಷ: "...ಅದಕ್ಕೇ ಆ ಮಿಕ್ಸಿ ರಿಪೇರಿಗೆ ಕೊಡ್ಬೇಡ ಅಂದಿದ್ದು. ಕೇಳಿಸ್ತಾ?"

"ಕೇಳಿಸ್ಲಿಲ್ಲ ಅತ್ತೆ. ಇನ್ನೊಂದ್ಸಲ ಹೇಳಿ."

"ಈ ಮನೇಲಿ ನನ್ನ ಮಾತನ್ನ ಇನ್ನೊಂದ್ಸಲ ಹೇಳಿ ಅಂದೋಳು ನೀನೊಬ್ಳೇ ಕಣೆ!"

ಒಂಬತ್ತು ಸಲ ನಡೆಯುತ್ತಾರೆ. ಏಳು ಸಲ ಅದೇ ತಿರುವು, ಅದೇ ಮೌನ. ಏಣಿ ತರಿಸಿ ತಟ್ಟೆ ಬಿಚ್ಚಿಸುತ್ತಾರೆ. ಅದರ ಬೆನ್ನ ಮೇಲೆ ಉಗುರಿನಷ್ಟು ಚೀಟಿ: ವರ್ಷನ್ ಮೂರು. ಕೆಳಗಿನ ಕಂಟ್ರೋಲರ್‌ಗೆ ಪರಿಚಯವಿರುವುದು ಎರಡರವರೆಗೆ ಮಾತ್ರ. ಕೊನೆಯ ಕಂತಿನಲ್ಲಿ ಬಂದ ಆರು ತಟ್ಟೆಗಳು ಹೀಗಿವೆ. ಡಬ್ಬದ ಮೇಲಂತೂ ಎಲ್ಲಕ್ಕೂ ಒಂದೇ ಹೆಸರು, ಒಂದೇ ಚಿತ್ರ.

ಈ ಚೀಟಿಗಳ ಜತೆ ಅವರದು ಹದಿನೇಳು ವರ್ಷದ ನಂಟು. ಇವನ್ನು ಮಾರುವ ಇದೇ ಕಂಪನಿಯ ಗೋದಾಮಿನಲ್ಲಿ ವಿಳಾಸ ಅಂಟಿಸುವ ಕೆಲಸಕ್ಕೆ ಸೇರಿದವರು, ಗ್ರಾಹಕರು ಬೈದು ವಾಪಸ್ ಕಳಿಸಿದ ತಟ್ಟೆಗಳ ಬೆನ್ನು ಓದತೊಡಗಿದರು. ಯಾವುದು ಯಾವುದರ ಜತೆ ಬಾಳಲಿಲ್ಲವೆಂದು ಮಗಳ ಹಳೆಯ ನೋಟ್‌ಬುಕ್ಕಿನ ಖಾಲಿ ಹಾಳೆಗಳಲ್ಲಿ ಬರೆದಿಟ್ಟರು. ಎಂಜಿನಿಯರುಗಳು ಮೊದಲು ನಕ್ಕರು, ಆಮೇಲೆ ಆ ನೋಟ್‌ಬುಕ್ ಎರವಲು ಕೇಳಿದರು. ಇವತ್ತು ಅದರಲ್ಲಿ ಮುನ್ನೂರ ಹದಿನಾರು ಜೋಡಿಗಳಿವೆ. ಹೊಂದದ ಎಪ್ಪತ್ತೊಂದಕ್ಕೆ ಕೆಂಪು ಗೀಟು.

ಅದರಲ್ಲೊಂದು ಗೀಟು ಹಾಳೆ ಹರಿಯುವಷ್ಟು ಗಾಢವಾಗಿದೆ. "ಅದು ನನ್ನ ತಪ್ಪು" ಎನ್ನುತ್ತಾರೆ. "ಆರು ವರ್ಷದ ಹಿಂದೆ, ಒಂದು ಹಾಸ್ಟೆಲ್ಲು. ಡಬ್ಬದ ಹೆಸರಷ್ಟೇ ನೋಡಿದ್ದೆ, ಬೆನ್ನು ನೋಡ್ಲಿಲ್ಲ. ಹೊಂದುತ್ತೆ ಅಂತ ಬರ್ಕೊಟ್ಟೆ. ಒಂದ್ಸಲ ಕರೆಂಟ್ ಹೋಗಿ ಬಂತು ನೋಡಿ, ಅರವತ್ತು ತಟ್ಟೇಲಿ ಒಂದನ್ನೂ ಕಂಟ್ರೋಲರ್ ಗುರುತು ಹಿಡೀಲಿಲ್ಲ. ಏಣಿಯವ್ರು ಮೂರು ದಿನ ಎಲ್ಲಾ ಇಳಿಸಿದ್ರು. ಒಬ್ರೂ ಬೈಲಿಲ್ಲ. ಬೈದಿದ್ರೆ ಆ ಮೂರು ದಿನ ಊಟನಾದ್ರೂ ಸೇರ್ತಿತ್ತು."

ಎಂಟು ಗಂಟೆಗೆ ಗುತ್ತಿಗೆದಾರರು ಬರುತ್ತಾರೆ. ವಿಷಯ ಕೇಳಿ ಅವರಿಗೆ ನಗು ಬರುತ್ತದೆ. "ನಾಲ್ಕು ಸೆಕೆಂಡ್ ತಾನೆ ಮೇಡಂ? ಅಷ್ಟರಲ್ಲಿ ಏನು ಮುಳುಗಿಹೋಗತ್ತೆ? ಕೆಳಗೆ ರಿಬ್ಬನ್ ಕಟ್ಟಿ ಆಗಿದೆ, ಕಟ್ ಮಾಡೋದೊಂದೇ ಬಾಕಿ."

"ಸದ್ಯಕ್ಕೆ ಕಟ್ ಆಗ್ತಿರೋದು ಫೋನು" ಎನ್ನುತ್ತಾರೆ ತಾಳೆ ಮೇಡಂ, ದನಿ ಏರಿಸದೆ. "ಆ ತಿರುವಲ್ಲಿ ಒಬ್ರು ನರ್ಸ್ ಓಡ್ತಾ ಇದಾರೆ ಅಂದ್ಕೊಳ್ಳಿ. 'ಡಾಕ್ಟ್ರೇ, ಹನ್ನೆರಡನೇ ಮಂಚ, ಉಸಿರಾಡ್ತಿಲ್ಲ, ಬೇಗ ಬನ್ನಿ' ಅಂತಾರೆ. ಇದ್ರಲ್ಲಿ ಯಾವ ಮಾತು ಬಿಟ್ಟುಹೋದ್ರೆ ಪರವಾಗಿಲ್ಲ ಹೇಳಿ. ಅದನ್ನೇ ಬರೆದು ಸಹಿ ಹಾಕ್ತೀನಿ."

ಗುತ್ತಿಗೆದಾರರು ಕೈಗಡಿಯಾರ ನೋಡಿಕೊಳ್ಳುತ್ತಾರೆ. "ಮುಂದಿನ ಕಟ್ಟಡಕ್ಕೆ ನಿಮ್ಮ ಕಂಪನಿಯನ್ನ ಕರೆಯಲ್ಲ" ಎಂದು ಗೊಣಗುತ್ತಾರೆ. ಕಾಗದದ ಮೇಲೆ "ಹೊಂದುವುದಿಲ್ಲ" ಎಂದು ಬಿದ್ದಾಗಿದೆ.

ಎಲ್ಲರೂ ಹೆದರುವುದು ಹಿರಿಯ ನರ್ಸ್‌ಗೆ. ಅವರು ಸೊಂಟದ ಮೇಲೆ ಕೈಯಿಟ್ಟು ಕೇಳುತ್ತಾರೆ, "ಮೂವತ್ತೊಂದು ಜನದ ಗಂಟುಮೂಟೆ ಕಟ್ಟಿಸಿದೀನಿ. ಬಿಚ್ಚಿಸ್ಲಾ?"

"ಬಿಚ್ಚಿಸಿ."

"ನಾಳೆ ಖಂಡಿತಾನಾ?"

"ಕೆಳಗಿನ ಕಂಟ್ರೋಲರ್‌ಗೆ ಹೊಸ ಸಾಫ್ಟ್‌ವೇರ್ ತುಂಬ್ಬೇಕು, ಕರೆಂಟ್ ತೆಗೆದು ಹಾಕಿ ನೋಡ್ಬೇಕು, ನಲವತ್ತೆರಡೂ ಮತ್ತೆ ನಡೀಬೇಕು. ನಡೆದ್ಮೇಲೆ ಹೇಳ್ತೀನಿ. ಈಗ್ಲೇ ಹೇಳಿದ್ರೆ ಅದು ಸುಳ್ಳಾಗತ್ತೆ."

ಹಿರಿಯ ನರ್ಸ್, ತಾಳೆ ಮೇಡಂ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತಾರೆ. "ಸರಿ ಬಿಡಿ. ಹಳೇ ವಾರ್ಡ್ ಚಿಕ್ಕದು, ಕೂಗಿದ್ರೆ ಕೇಳಿಸತ್ತೆ. ಇನ್ನೊಂದಿನ ಕೂಗ್ತೀವಿ."

ಮರುದಿನ ತಾಳೆ ಮೇಡಂ ಹದಿನಾಲ್ಕು ಸಾವಿರ ಹೆಜ್ಜೆ ನಡೆಯುತ್ತಾರೆ. ಅತ್ತೆ ಮಿಕ್ಸಿಯಿಂದ ಹೊರಟು, ಮಂಡಿನೋವು ದಾಟಿ, ಪಕ್ಕದ ಮನೆಯವರ ಪರದೆಯ ಬಣ್ಣದವರೆಗೆ ಎಲ್ಲೂ ತುಂಡಾಗದೆ ಬರುತ್ತಾರೆ. ಮಧ್ಯಾಹ್ನ ಎರಡಕ್ಕೆ ಸಹಿ ಬೀಳುತ್ತದೆ. ನಾಲ್ಕಕ್ಕೆ ಮಂಚಗಳು ತುಂಬುತ್ತವೆ.

ಬಾಗಿಲಲ್ಲಿ ಕಲ್ಲಿನ ಫಲಕವಿದೆ. ನಕ್ಷೆ ಬರೆದವರಿಂದ ಹಿಡಿದು ಬಣ್ಣ ಪೂರೈಸಿದವರವರೆಗೆ ಎಲ್ಲರ ಹೆಸರೂ ಇದೆ. ನಿಮ್ಮದೂ ಇರಬೇಕಿತ್ತಲ್ಲವೇ ಎಂದರೆ ತಾಳೆ ಮೇಡಂ ಚಪ್ಪಲಿಯ ಪಟ್ಟಿ ಸಡಿಲಿಸುತ್ತಾ ನಗುತ್ತಾರೆ.

"ಅಯ್ಯೋ, ಅದೆಲ್ಲ ಯಾಕೆ! ಮನೆಗೆ ಹೊರಡೋಕೆ ಮುಂಚೆ ಹತ್ತು ನಿಮಿಷ ಆ ತಿರುವಲ್ಲಿ ನಿಂತಿದ್ದೆ. ಒಬ್ರು ನರ್ಸ್ ಒಂದು ಕೈಲಿ ಟ್ರೇ, ಇನ್ನೊಂದು ಕೈಲಿ ಫೋನ್ ಹಿಡ್ಕೊಂಡು, ಡಾಕ್ಟ್ರ ಹತ್ರ ಮಾತಾಡ್ತಾ ಬಂದ್ರು. ಹಂಗೇ ದಾಟಿ ಹೋದ್ರು. 'ಏನಂದ್ರಿ, ಕೇಳಿಸ್ಲಿಲ್ಲ' ಅನ್ನೋಕೂ ನಿಲ್ಲಲಿಲ್ಲ ನೋಡಿ."